ಪ್ರಿಯ ಕರ್ಲಿ, ಇಂತಿ ನಿಮ್ಮ ಲೊರೇನ್

ಪೋರ್ಟ್ ಟ್ರೆನನ್‌ನಲ್ಲಿ ಎಲ್ಲರೂ ನನ್ನನ್ನು ಸ್ಮೈಲಿ ಎನ್ನುತ್ತಾರೆ, ನಗುಮೊಗದವನು ಅಂತ. ಮೂವತ್ತೊಂದು ವರ್ಷದಿಂದ ಇಲ್ಲಿನ ಬೌಲ್ಸ್ ಕ್ಲಬ್ಬಿನ, ಅಂದರೆ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಕ್ಲಬ್ಬಿನ, ಹುಲ್ಲುಹಾಸು ನೋಡಿಕೊಳ್ಳುತ್ತಿದ್ದೇನೆ. ಅದರ ಮೇಲೆ ಬೂಟು ಹಾಕಿಕೊಂಡು ನಡೆದವರಿಗೆಲ್ಲ ಬೈದು ಬೈದು ನನ್ನ ಗಂಟಲು ಹೀಗಾಗಿದೆ. ನಕ್ಕಿದ್ದನ್ನು ಕಂಡವರು ಕಡಿಮೆ, ಅದಕ್ಕೇ ಆ ಹೆಸರು. ನಮ್ಮೂರಲ್ಲಿ ಅಡ್ಡಹೆಸರು ಇಡುವುದೇ ಹೀಗೆ, ತಿರುಗುಮುರುಗಾಗಿ. ಆರೂವರೆ ಅಡಿಯ ಮೀನುಗಾರನಿಗೆ ಗಿಡ್ಡ ಎಂದು ಹೆಸರು. ಬಾಯಿ ಮುಚ್ಚದ ಔಷಧಿ ಅಂಗಡಿಯವಳಿಗೆ ಮೌನಿ. ಮರ್ವಿನ್ ಪೋಲ್ಕಿಂಗ್‌ಹಾರ್ನ್‌ಗೆ ಇಪ್ಪತ್ತೆಂಟಕ್ಕೇ ತಲೆ ಬೋಳಾಯಿತು. ಅವತ್ತಿನಿಂದ ಅವನು ಕರ್ಲಿ, ಗುಂಗುರು ಕೂದಲಿನವನು. ಎಪ್ಪತ್ನಾಲ್ಕರವರೆಗೂ ಅವನನ್ನು ಮರ್ವಿನ್ ಎಂದು ಕರೆದವರು ಡಾಕ್ಟರುಗಳು ಮಾತ್ರ.

ಲೊರೇನ್ ಟ್ರೆವಾರೋಗೆ ಮಾತ್ರ ಯಾರೂ ಅಡ್ಡಹೆಸರು ಇಡಲಿಲ್ಲ. ಇಡುವ ಧೈರ್ಯ ಯಾರಿಗೂ ಬರಲಿಲ್ಲ ಎನ್ನುವುದು ಸರಿ. ಇಪ್ಪತ್ತೊಂಬತ್ತು ವರ್ಷ ಅವಳು ನಮ್ಮೂರ ಪೋಸ್ಟ್ ಆಫೀಸಿನ ಕಿಟಕಿಯ ಹಿಂದೆ ಕೂತವಳು. ಯಾರ ಮನೆಗೆ ವಕೀಲರ ಕಾಗದ ಬಂತು, ಯಾರ ಮಗಳಿಗೆ ಯಾವ ಊರಿನ ಆಸ್ಪತ್ರೆಯಿಂದ ಲಕೋಟೆ ಬಂತು, ಯಾರ ಗಂಡನಿಗೆ ಹೆಂಗಸಿನ ಅಕ್ಷರದಲ್ಲಿ ಹುಟ್ಟುಹಬ್ಬದ ಕಾರ್ಡು ಬಂತು, ಎಲ್ಲ ಅವಳಿಗೆ ಗೊತ್ತು. ಅಂಥ ಲಕೋಟೆಗಳನ್ನು ಕೊಡುವಾಗ ಮಗುಚಿ ಕೊಡುತ್ತಿದ್ದಳು, ಹಿಂದೆ ಸಾಲಿನಲ್ಲಿ ನಿಂತವರಿಗೆ ಕಾಣದ ಹಾಗೆ. ಒಂದು ದಿನವೂ, ಒಬ್ಬರ ಹತ್ತಿರವೂ, ಒಂದು ಮಾತೂ ಆಡಿದವಳಲ್ಲ. ನನ್ನ ಮೊದಲನೇ ಹೆಂಡತಿ ನನ್ನನ್ನು ಬಿಡಲು ಹೊರಟಿದ್ದು ನನಗಿಂತ ಒಂದು ವಾರ ಮೊದಲು ಲೊರೇನ್‌ಗೆ ಗೊತ್ತಿತ್ತು. ಆ ವಾರವೆಲ್ಲ ನನ್ನ ಕಾಗದಗಳ ಜೊತೆ ಮನೆಯಲ್ಲಿ ಮಾಡಿದ ಬಿಸ್ಕತ್ತು ಕೊಟ್ಟಳು, ಅಷ್ಟೇ.

ಇಂಥವಳ ಮೇಲೆ ಊರಿನ ಗುಟ್ಟು ಮಾರಿದಳು ಎಂಬ ಮಾತು ಬಂತು. ಅದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಿವೃತ್ತಿಯಾದ ಮೇಲೆ ಲೊರೇನ್ ನಮ್ಮ ಕ್ಲಬ್ಬಿನ ಕಾರ್ಯದರ್ಶಿಯಾದಳು. ಸಂಬಳವಿಲ್ಲದ ಕೆಲಸ. ಶುಕ್ರವಾರ ಸಂಜೆ ಆರಕ್ಕೆ ಮಾಂಸದ ಲಾಟರಿ ನಡೆಸುವುದೂ ಅವಳೇ. ಕಸಾಯಿಯವನು ದೊಡ್ಡ ತಟ್ಟೆಯಲ್ಲಿ ಕುರಿಯ ಚಾಪು, ಸಾಸೇಜು, ಒಂದು ಕೋಳಿ ಜೋಡಿಸಿ ಪ್ಲಾಸ್ಟಿಕ್ ಸುತ್ತಿ ಕಳಿಸುತ್ತಾನೆ. ನಾವು ಚೀಟಿ ಕೊಳ್ಳುತ್ತೇವೆ. ಚೀಟಿಯ ಅರ್ಧ ನಮಗೆ, ಇನ್ನರ್ಧ ಲೊರೇನ್‌ಳ ಡಬ್ಬಿಗೆ. ಆ ಅರ್ಧದ ಮೇಲೆ ಹೆಸರು, ಇಮೇಲ್ ವಿಳಾಸ ಬರೆಯಬೇಕು, ಯಾಕೆಂದರೆ ಗೆದ್ದವನು ಮನೆಗೆ ಹೋಗಿಬಿಟ್ಟಿದ್ದರೆ ಮಾಂಸ ಕೆಡುತ್ತದೆ. ಹೆಸರು ಎಂದರೆ ಅಡ್ಡಹೆಸರೇ. ನಮ್ಮಲ್ಲಿ ಲಾಟರಿ ಚೀಟಿಯ ಮೇಲೆ ನಿಜ ಹೆಸರು ಬರೆದರೆ ಹೊರಗಿನವನು ಎಂದು ಎಲ್ಲರೂ ತಿರುಗಿ ನೋಡುತ್ತಾರೆ. ನಾನು ವಾರಕ್ಕೆ ಎರಡು ಚೀಟಿ ಕೊಳ್ಳುತ್ತೇನೆ, ಒಂದು ನನ್ನ ಹೆಸರಿಗೆ, ಇನ್ನೊಂದು ನನ್ನ ನಾಯಿ ಗ್ರೇವಿಯ ಹೆಸರಿಗೆ. ಇದುವರೆಗೆ ನಾಲ್ಕು ಸಲ ಗೆದ್ದಿದ್ದು ಗ್ರೇವಿ. ನಾನು ಒಂದು ಸಲವೂ ಇಲ್ಲ.

ಈಸ್ಟರ್ ಕಳೆದ ಮೇಲೆ ಕ್ಲಬ್ಬಿನ ಅಧ್ಯಕ್ಷ ಡೆಸ್ ಲೊರೇನ್‌ಳ ಹತ್ತಿರ ಬಂದ.

"ಲೊರೇನ್, ಆ ಚೀಟಿಯಲ್ಲಿರೋ ಹೆಸರೆಲ್ಲ ಕಂಪ್ಯೂಟರಿಗೆ ಹಾಕಿಬಿಡು. ಗೆದ್ದೋರಿಗೆ ಬೇಗ ತಿಳಿಸಬಹುದು ನೋಡು" ಎಂದ.

"ಅಷ್ಟಕ್ಕೇನಾ?"

"ಇನ್ಯಾಕೆ ಮತ್ತೆ? ಒಳ್ಳೇದಕ್ಕೇ ಹೇಳಿದ್ದು ಮಾರಾಯ್ತಿ."

ಅವಳು ಮೂರು ಸಂಜೆ ಕೂತು ಮುನ್ನೂರ ಎಂಬತ್ತಾರು ಹೆಸರು ಹೊಡೆದಳು. ಚೀಟಿಯಲ್ಲಿ ಹೇಗಿತ್ತೋ ಹಾಗೆ: ಗಿಡ್ಡ, ಮೌನಿ, ಸ್ಮೈಲಿ, ಕರ್ಲಿ, ಗ್ರೇವಿ. ಪೋಸ್ಟಿನವಳು ನೋಡಿ, ವಿಳಾಸದ ಒಂದು ಅಕ್ಷರವನ್ನೂ ತಿದ್ದುವ ಅಭ್ಯಾಸ ಅವಳಿಗಿರಲಿಲ್ಲ.

ಅದೇ ದಿನಗಳಲ್ಲಿ ಕರ್ಲಿಯ ಶ್ವಾಸಕೋಶದ ವಿಷಯ ಗೊತ್ತಾಯಿತು. ಗೊತ್ತಾಯಿತು ಎಂದರೆ ಅವನಿಗೆ ಮತ್ತು ಲೊರೇನ್‌ಗೆ. ಚಿಕ್ಕ ವಯಸ್ಸಿನಲ್ಲಿ ಬಾಯ್ಲರುಗಳಿಗೆ ಕಲ್ನಾರಿನ ಹೊದಿಕೆ ಸುತ್ತುವ ಕೆಲಸ ಮಾಡಿದ್ದ. ಆ ಧೂಳು ಐವತ್ತು ವರ್ಷ ಒಳಗೇ ಕೂತಿದ್ದು ಈಗ ಎದ್ದಿತ್ತು. ಎರಡು ವಾರಕ್ಕೊಮ್ಮೆ ಮಂಗಳವಾರ ಅಡಿಲೇಡಿನ ಆಸ್ಪತ್ರೆಗೆ ಹೋಗಬೇಕು, ಎರಡು ಗಂಟೆಯ ದಾರಿ. ಅವನಿಗೆ ಹೆಂಡತಿ ಮಕ್ಕಳು ಇಲ್ಲ, ಪರ್ತ್‌ನಲ್ಲಿ ಒಬ್ಬಳು ತಂಗಿಯ ಮಗಳು ಅಷ್ಟೇ. ಲೊರೇನ್‌ಳ ಮನೆ ಬಾಗಿಲಿಗೆ ಹೋಗಿ ಟೋಪಿ ಕೈಯಲ್ಲಿ ಹಿಡಿದು, "ಯಾರಿಗೂ ಹೇಳಬೇಡ. ಅಯ್ಯೋ ಪಾಪ ಅನ್ನೋ ಮುಖಗಳನ್ನ ನೋಡೋಕೆ ನನ್ನ ಕೈಲಾಗಲ್ಲ. ನಿನಗೆ ಹೇಳಿದ್ರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ ಅಂತ ಬಂದೆ" ಎಂದನಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಅವರಿಬ್ಬರೂ ಮಂಗಳವಾರ ಬೆಳಿಗ್ಗೆ ಕಾರಿನಲ್ಲಿ ಹೋಗುವುದನ್ನು ಕಂಡು ನಾವು, ಈ ವಯಸ್ಸಿನಲ್ಲಿ ಇವರದ್ದೇನಪ್ಪಾ, ಎಂದು ಕೀಟಲೆ ಮಾಡುತ್ತಿದ್ದೆವು. ಲೊರೇನ್ ಕೆಂಪಗಾಗುತ್ತಿದ್ದಳು, ಆದರೂ ಬಾಯಿ ಬಿಡಲಿಲ್ಲ.

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಕರ್ಲಿಗೆ ಒಂದು ಇಮೇಲ್ ಬಂತು. ಅದರ ಒಕ್ಕಣೆ ಹೀಗಿತ್ತು:

"ಪ್ರಿಯ ಕರ್ಲಿ, ನಿಮ್ಮ ಕೊನೆಯ ಪಯಣದ ಬಗ್ಗೆ ಯೋಚಿಸಿದ್ದೀರಾ? ಉಳಿದಿರುವ ಸಮಯ ಎಷ್ಟೆಂದು ನಮಗ್ಯಾರಿಗೂ ಗೊತ್ತಿಲ್ಲ. ನಿಮ್ಮ ಅಂತ್ಯಕ್ರಿಯೆಗೆ ಈಗಲೇ ಮುಂಗಡ ಕಟ್ಟಿ, ನೆಮ್ಮದಿಯಿಂದಿರಿ. ಇಂತಿ ನಿಮ್ಮ, ಲೊರೇನ್ ಟ್ರೆವಾರೋ, ಗೌರವ ಕಾರ್ಯದರ್ಶಿ."

ಕ್ಲಬ್ಬಿನ ವಿಳಾಸದಿಂದಲೇ ಬಂದಿತ್ತು. ಅವನು ಅದನ್ನು ಎಷ್ಟು ಸಲ ಓದಿದನೋ ಏನೋ. ಮಾರನೇ ದಿನ ಶುಕ್ರವಾರ, ಲೊರೇನ್ ಚೀಟಿ ಹರಿದು ಕೊಡುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕುಡಿಯಲೂ ಕೇಳಲಿಲ್ಲ, ಕೂರಲೂ ಇಲ್ಲ.

"ಎಷ್ಟಕ್ಕೆ ಮಾರಿದೆ?" ಎಂದ.

ಲೊರೇನ್‌ಗೆ ಅರ್ಥವಾಗಲಿಲ್ಲ. ಕ್ಲಬ್ಬಿನ ಇಮೇಲ್ ಪೆಟ್ಟಿಗೆಯನ್ನು ಅವಳು ತೆರೆಯುವುದು ಶುಕ್ರವಾರ ಲಾಟರಿ ಮುಗಿದ ಮೇಲೆ. "ಏನನ್ನ?" ಎಂದಳು.

"ನನ್ನ ಶ್ವಾಸಕೋಶನ! ಹೆಣದ ಪೆಟ್ಟಿಗೆಯೋರಿಗೆ ಎಷ್ಟಕ್ಕೆ ಮಾರಿದೆ ಅಂತ ಕೇಳ್ತಾ ಇದೀನಿ. ಕ್ಯಾನ್ಸರ್ ಅಂತ ನಿನಗೊಬ್ಬಳಿಗೆ ಹೇಳಿದ್ದೆ ಕಣೇ, ನಿನಗೊಬ್ಬಳಿಗೆ!"

ಅವನ ಗುಟ್ಟನ್ನು ಊರಿಗೆ ಹೇಳಿದವನು ಕೊನೆಗೆ ಅವನೇ ಆದ, ಅದೂ ಸಿಟ್ಟಿನಲ್ಲಿ. ಗಿಡ್ಡ ಎದ್ದು ನಿಂತು, "ಏಯ್ ಕರ್ಲಿ, ಅದು ನನಗೂ ಬಂದಿದೆ ಕಣೋ, ಎಲ್ಲರಿಗೂ ಬಂದಿದೆ" ಎಂದ.

"ಸುಮ್ನೆ ಕೂತ್ಕೋ. ಅವಳನ್ನ ಉಳಿಸೋಕೆ ಸುಳ್ಳು ಹೇಳಬೇಡ. ಇಲ್ಲಿ ಎಲ್ಲರೂ ಅವಳ ಪರ ಅಂತ ನನಗೆ ಗೊತ್ತಿಲ್ವಾ?" ಎಂದು ಕರ್ಲಿ ಹೊರಟೇ ಹೋದ. ಹೊರಗೆ ಕೆಮ್ಮಿದ್ದು ಒಳಗೆ ಕೇಳಿಸಿತು.

ಲೊರೇನ್ ಕೈಯಲ್ಲಿದ್ದ ಚೀಟಿಗಳನ್ನು ಮೇಜಿನ ಮೇಲಿಟ್ಟಳು. ಕಚೇರಿಗೆ ಹೋಗಿ ಪೆಟ್ಟಿಗೆ ತೆರೆದು ನೋಡಿದಳು. ಮುನ್ನೂರ ಎಂಬತ್ತಾರು ಕಾಗದ, ಎಲ್ಲದರ ಕೆಳಗೂ ಅವಳ ಹೆಸರು. ಒಂದು ಗಂಟೆಯ ಮೇಲೆ ನಾನು ಒಳಗೆ ಹೋದಾಗ ಅವಳು ಇನ್ನೂ ಅದನ್ನೇ ನೋಡುತ್ತಿದ್ದಳು. "ಸ್ಮೈಲಿ, ನಾನು ಒಂದು ಕಾಗದಾನೂ ತಪ್ಪು ಕೈಗೆ ಕೊಟ್ಟಿಲ್ಲ ಕಣೋ. ಒಂದೂ" ಎಂದಳು.

ಡೆಸ್ ಬಾಯಿ ಬಿಡಲು ಎರಡು ದಿನ ತೆಗೆದುಕೊಂಡ. ಆದದ್ದು ಇಷ್ಟು. ಅಂತ್ಯಕ್ರಿಯೆಗೆ ಮುಂಗಡ ಕಟ್ಟಿಸಿಕೊಳ್ಳುವ ಒಂದು ಕಂಪನಿ. ಹೆಸರು ಹೇಳಿ ನಾನೇಕೆ ಅದಕ್ಕೆ ಪುಕ್ಕಟೆ ಪ್ರಚಾರ ಕೊಡಲಿ? ನಮ್ಮ ಆಟದ ಅಂಗಳಕ್ಕೆ ನೆರಳಿನ ಬಟ್ಟೆ ಹಾಕಿಸಿಕೊಡುತ್ತೇವೆ ಎಂದಿತ್ತು. ಬದಲಿಗೆ ಕೇಳಿದ್ದು ಸದಸ್ಯರ ಇಮೇಲ್ ಪಟ್ಟಿ. ಡೆಸ್ ಪಟ್ಟಿಯನ್ನೂ ಕೊಟ್ಟ, ಕ್ಲಬ್ಬಿನ ಪೆಟ್ಟಿಗೆಯ ಪಾಸ್‌ವರ್ಡನ್ನೂ ಕೊಟ್ಟ. ಹೊರಗಿನವರ ಹೆಸರಲ್ಲಿ ಬಂದರೆ ಯಾರೂ ಓದುವುದಿಲ್ಲ, ಲೊರೇನ್ ಹೆಸರಲ್ಲಿ ಬಂದರೆ ಎಲ್ಲರೂ ಓದುತ್ತಾರೆ ಎಂದು ಕಂಪನಿಯವನಿಗೆ ಹೇಳಿದ್ದೂ ಈ ಮಹಾನುಭಾವನೇ. ಅವಳು ಇಪ್ಪತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಗಳಿಸಿದ ನಂಬಿಕೆಯನ್ನು ಇವನು ಒಂದು ನೆರಳಿನ ಬಟ್ಟೆಗೆ ಕೊಟ್ಟುಬಿಟ್ಟ. ಥೂ!

ಮುಂದಿನ ವಾರ ಸಮಿತಿಯ ಸಭೆ. ಕಂಪನಿಯಿಂದ ಬ್ರೇಡನ್ ಎಂಬವನು ಬಂದ, ಇಸ್ತ್ರಿ ಮಾಡಿದ ಅಂಗಿ, ಹಲ್ಲೆಲ್ಲ ಬಿಳಿ. ನಾನು ಸಮಿತಿಯವನಲ್ಲ. ಬಾಗಿಲ ಹತ್ತಿರ ಗುದ್ದಲಿ ಹಿಡಿದು ನಿಂತೆ. ಯಾರೂ ಹೊರಗೆ ಹೋಗು ಎನ್ನಲಿಲ್ಲ.

"ಎಲ್ಲರೂ ತಾವೇ ಬರೆದುಕೊಟ್ಟ ವಿಳಾಸ ಮೇಡಂ. ತಾವಾಗೇ ಕೊಟ್ಟರು ಅಂದ್ರೆ ಅದು ಒಪ್ಪಿಗೆ ತಾನೆ?" ಎಂದ ಬ್ರೇಡನ್.

"ಚಾಪು ಗೆದ್ದರೆ ತಿಳಿಸಿ ಅಂತ ಬರೆದುಕೊಟ್ಟರು. ಸತ್ತರೆ ಏನು ಮಾಡ್ತೀರಿ ಅಂತ ಕೇಳಿ ಅಂತಲ್ಲ" ಎಂದಳು ಲೊರೇನ್.

ಅವಳು ಆ ವಾರವೆಲ್ಲ ಲೈಬ್ರರಿಯಲ್ಲಿ ಕೂತು ಕಾನೂನು ಓದಿದ್ದಳು. ಪೋಸ್ಟಿನ ನಿಯಮಗಳನ್ನು ಓದಿ ಬೆಳೆದವಳಿಗೆ ಅದೇನು ಕಷ್ಟ? ಕೈಯಲ್ಲಿ ಒಂದು ಹಾಳೆ ಇತ್ತು, ಅದನ್ನು ನೋಡಲೂ ಇಲ್ಲ.

"ನೋಡಿ ಬ್ರೇಡನ್ ಅವರೇ, ಮನೆ ಮುಂದಿನ ಟಪಾಲು ಪೆಟ್ಟಿಗೆ ಮೇಲೆ 'ಜಾಹೀರಾತು ಬೇಡ' ಅಂತ ಚೀಟಿ ಅಂಟಿಸಿದ್ರೆ ನಾವು ಹಾಕ್ತಿರಲಿಲ್ಲ. ಅಂಟಿಸದಿದ್ರೆ ಹಾಕ್ತಿದ್ವಿ. ಇಮೇಲಿಗೆ ಈ ದೇಶದ ಕಾನೂನು ಅದನ್ನ ತಿರುವಿ ಹಾಕಿದೆ. ಯಾರೂ ಬೇಡ ಅಂತ ಬರೆಯೋದೇ ಬೇಕಿಲ್ಲ. ಬೇಕು ಅಂದಿದ್ರೆ ಮಾತ್ರ ಕಳಿಸಬೇಕು. ಕಳಿಸಿದ್ರೂ ಕಳಿಸಿದೋರು ಯಾರು ಅಂತ ನಿಜ ಹೇಳಬೇಕು. ಸಾಕು ಅಂದ್ರೆ ನಿಲ್ಲಿಸೋ ದಾರಿ ಅದರಲ್ಲೇ ಇರಬೇಕು, ಐದು ಕೆಲಸದ ದಿನದಲ್ಲಿ ನಿಲ್ಲಿಸಬೇಕು. ಇದು ಒಂದೇ ಒಂದು ಕಾಗದಕ್ಕೂ ಅನ್ವಯಿಸುತ್ತೆ. ನೀವು ಯಾವುದನ್ನ ಮಾಡಿದ್ದೀರಿ?"

"ಕೆಳಗೆ 'ಇನ್ನು ಬೇಡ' ಅಂತ ಗುಂಡಿ ಇದೆಯಲ್ಲ ಮೇಡಂ."

"ಒತ್ತಿ ನೋಡಿದ್ದೀರಾ?"

ಅವನು ಒತ್ತಿ ನೋಡಿರಲಿಲ್ಲ. ಊರವರು ನೋಡಿದ್ದರು. ಒತ್ತಿದರೆ ಬಿಳಿ ಪರದೆ ಬರುತ್ತಿತ್ತು, ಅಷ್ಟೇ. ಮೊದಲನೆಯದು ಕ್ಲಬ್ಬಿನ ಹೆಸರಲ್ಲಿ ಬಂದರೆ, ಆಮೇಲೆ ಪ್ರತಿ ಗುರುವಾರ ಕಂಪನಿ ತನ್ನದೇ ಹೆಸರಲ್ಲಿ ಕಳಿಸುತ್ತಿತ್ತು. ಊರವರು ರೋಸಿಹೋಗಿ ಕ್ಲಬ್ಬಿನ ವಿಳಾಸದಿಂದ ಬಂದ ಆ ಮೊದಲನೆಯದನ್ನೂ 'ಕಸ' ಎಂದು ಒತ್ತಿದರು. ಪರಿಣಾಮವಾಗಿ ಕ್ಲಬ್ಬಿನ ನಿಜವಾದ ಕಾಗದಗಳೂ ಕಸದ ಬುಟ್ಟಿಗೇ ಹೋಗತೊಡಗಿದವು. ಅಡುಗೆಮನೆಯ ಒಲೆ ಕೆಟ್ಟು ಊಟ ರದ್ದಾದ ಶುಕ್ರವಾರ ಸುದ್ದಿ ಯಾರಿಗೂ ತಲುಪದೆ, ನಲವತ್ತು ಜನ ಷ್ನಿಟ್ಸೆಲ್ ಎಂಬ ಕರಿದ ಮಾಂಸ ತಿನ್ನಲು ಬಂದು ಮುಚ್ಚಿದ ಬಾಗಿಲ ಮುಂದೆ ಮಳೆಯಲ್ಲಿ ನಿಂತರು.

ಡೆಸ್ ಗಂಟಲು ಸರಿಮಾಡಿಕೊಂಡ. "ಲೊರೇನ್, ದೊಡ್ಡದು ಮಾಡೋದು ಬೇಡ. ಪಟ್ಟಿ ಹೊಡೆದಿದ್ದು ನೀನು. ಕಚೇರಿಯ ಕೈತಪ್ಪಿನಿಂದ ಹೀಗಾಯ್ತು ಅಂತ ಎರಡು ಸಾಲು ಬರೆದು ಸಹಿ ಹಾಕಿಬಿಡು. ಜನ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳಲ್ಲ. ನನ್ನ ಮೇಲೆ ಮಾಡ್ಕೋತಾರೆ."

ನನ್ನ ಪಿತ್ತ ನೆತ್ತಿಗೇರಿತು. "ಲೇ ಡೆಸ್, ಮಾನ ಇದ್ಯೇನೋ ನಿನಗೆ? ನೀನು ಮಾಡಿದ್ದನ್ನ ಅವಳ ತಲೆಗೆ ಕಟ್ತೀಯಾ?" ಎಂದು ಕೂಗಿದೆ.

"ಸ್ಮೈಲಿ, ನೀನು ಹುಲ್ಲು ನೋಡ್ಕೋ ಹೋಗು."

"ಹುಲ್ಲಿಗೆ ನಿನಗಿಂತ ಜಾಸ್ತಿ ನಾಚಿಕೆ ಇದೆ ಕಣೋ!"

ಲೊರೇನ್ ಕೈ ಎತ್ತಿದಳು, ಇಬ್ಬರೂ ಸುಮ್ಮನಾದೆವು. "ನನ್ನ ಹೆಸರನ್ನ ಒಂದು ಸಲ ನನ್ನನ್ನ ಕೇಳದೆ ಕೆಳಗೆ ಹಾಕಿದ್ದೀರಿ. ಎರಡನೇ ಸಲ ನಾನೇ ಹಾಕಲ್ಲ" ಎಂದಳು. ಅಲ್ಲಿಂದ ಎದ್ದು ಹೋಗಿ, ಇಂಥ ದೂರು ನೋಡುವ ಸರ್ಕಾರದ ಕಚೇರಿಗೆ ಬರೆದಳು. ಕಂಪನಿಯ ಮೇಲೆ ಬರೆದಳು, ಜೊತೆಗೆ ನಮ್ಮ ಕ್ಲಬ್ಬಿನ ಮೇಲೂ ಬರೆದಳು. ಅದು ಗೊತ್ತಾದ ಮೇಲೆ ಊರಿನ ಕೆಲವರು ಮುಖ ತಿರುಗಿಸಿದರು. ಸ್ವಂತ ಕ್ಲಬ್ಬಿಗೆ ದಂಡ ಹಾಕಿಸಲು ಹೊರಟಿದ್ದಾಳೆ, ಬುದ್ಧಿ ಎಲ್ಲಿಟ್ಟಿದ್ದಾಳೆ, ಎಂದರು. ಅವರ ಪಟ್ಟಿ ನನ್ನ ಹತ್ತಿರ ಇದೆ. ಅವರಲ್ಲಿ ಯಾರೂ ಈಗ ನನ್ನ ಹುಲ್ಲಿನ ಮೇಲೆ ಖುಷಿಯಿಂದ ಆಡುತ್ತಿಲ್ಲ.

ಆದರೆ ಲೊರೇನ್‌ಗೆ ಕ್ಲಬ್ಬೂ ಬೇಕಿರಲಿಲ್ಲ, ದಂಡವೂ ಬೇಕಿರಲಿಲ್ಲ. ಕರ್ಲಿ ತನ್ನನ್ನು ನಂಬಬೇಕಿತ್ತು, ಅದೂ ಅವನಿಗೆ ಉಳಿದ ದಿನಗಳೊಳಗೆ.

ಅವನು ಬಾಗಿಲು ತೆರೆಯಲಿಲ್ಲ. ಫೋನು ಎತ್ತಲಿಲ್ಲ. ಡೆಸ್ ಒಪ್ಪಿಕೊಂಡಿದ್ದನ್ನು ಹೇಳಲು ಹೋದವರನ್ನೂ, ನೀವೂ ಅವಳ ಪರ, ಎಂದು ಬಾಗಿಲಿನಿಂದಲೇ ಕಳಿಸಿದ. ಅವಳು ಕೈಯಾರೆ ಕಾಗದ ಬರೆದಳು, ನಾಲ್ಕು ಪುಟ. ಅಂಚೆಚೀಟಿ ಹಚ್ಚಿ, ತಾನು ಇಪ್ಪತ್ತೊಂಬತ್ತು ವರ್ಷ ಕೂತ ಆಫೀಸಿನ ಪೆಟ್ಟಿಗೆಗೇ ಹಾಕಿದಳು. ಮೂರನೇ ದಿನ ಅದು ವಾಪಸ್ ಬಂತು, ಒಡೆಯದೆ. ಲಕೋಟೆಯ ಮೇಲೆ ಕರ್ಲಿಯ ದೊಡ್ಡ ಅಕ್ಷರ: ಕಳಿಸಿದವರಿಗೆ ಹಿಂತಿರುಗಿಸಿ. ಬೇರೆಯವರಿಗಾದರೆ ಅದು ಬರೀ ಒಂದು ಲಕೋಟೆ. ಸಾವಿರಾರು ಜನರಿಗೆ ಇಂಥ ಲಕೋಟೆಗಳನ್ನು ಮಗುಚಿ ಕೊಟ್ಟವಳಿಗೆ ಆ ಮಾತು ಎಷ್ಟು ನೋಯಿಸಿತೋ ನನಗೆ ಹೇಳಲು ಬರುವುದಿಲ್ಲ. ಅವಳು ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು, ಅವನ ಅಕ್ಷರ ಕೆಳಗೆ ಮಾಡಿ.

ಅವನು ಬಸ್ಸಿಗೆ ಹೋಗತೊಡಗಿದ. ಬೆಳಿಗ್ಗೆ ಏಳರ ಬಸ್ಸು. ಬರುವಾಗ ಔಷಧಿ ಏರಿಸಿಕೊಂಡ ಮೈ, ತೊಡೆಯ ಮೇಲೆ ವಾಂತಿಗೆಂದು ಪ್ಲಾಸ್ಟಿಕ್ ಚೀಲ, ಊರೂರಲ್ಲಿ ನಿಲ್ಲುವ ಬಸ್ಸಿನಲ್ಲಿ ಮೂರು ಗಂಟೆ. ಆರು ವಾರದಲ್ಲಿ ಮೂರು ಸಲ. ಪ್ರತಿ ಸಲವೂ ಆ ಮಂಗಳವಾರ ಬೆಳಿಗ್ಗೆ ಲೊರೇನ್ ಕಾರು ತೆಗೆದು, ಗಾಜು ಒರೆಸಿ, ಅವನ ಮನೆಯ ತಿರುವಿನಲ್ಲಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವನು ಕಾರಿನ ಪಕ್ಕದಲ್ಲೇ ನಡೆದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದ. ಅವರಿಬ್ಬರನ್ನು ನೋಡಿ ನನಗೆ ಎಲ್ಲಾದರೂ ಹೋಗಿ ಯಾರನ್ನಾದರೂ ಹೊಡೆಯಬೇಕು ಅನಿಸುತ್ತಿತ್ತು. ಹೊಡೆಯಬೇಕಾದವನು ಅಡಿಲೇಡಿನಲ್ಲಿ, ನಮ್ಮ ಜೂನಿನ ಚಳಿಗಾಲಕ್ಕೆ ಹೀಟರ್ ಹಾಕಿಕೊಂಡು ಕೂತು ಮುಂದಿನ ಗುರುವಾರದ ಕಾಗದ ಬರೆಯುತ್ತಿದ್ದ.

ನನಗೆ ಇಮೇಲ್ ನೋಡುವ ಅಭ್ಯಾಸವಿಲ್ಲ. ನನಗೂ ಬಂದಿರುತ್ತದೆ ಎಂದು ಗೊತ್ತಿದ್ದರೂ, ಸಿಟ್ಟಿಗೆ ತೆರೆದೇ ಇರಲಿಲ್ಲ. ಜೂನ್ ಕೊನೆಗೆ ಹುಲ್ಲಿನ ಬೀಜದ ಅಂಗಡಿಯವನು ಏನೋ ಕಳಿಸಿದ್ದೇನೆ ಎಂದದ್ದಕ್ಕೆ ತೆರೆದೆ. ಕಂಪನಿಯದು ಒಂದಲ್ಲ, ಜೋಡಿ ಜೋಡಿಯಾಗಿ ಕೂತಿದ್ದವು. ಅತಿ ಹಳೆಯ ಎರಡನ್ನು ನೋಡಿದೆ. ಮೊದಲನೆಯದು "ಪ್ರಿಯ ಸ್ಮೈಲಿ" ಅಂತ. ಎರಡನೆಯದು "ಪ್ರಿಯ ಗ್ರೇವಿ, ನಿಮ್ಮ ಕೊನೆಯ ಪಯಣದ ಬಗ್ಗೆ ಯೋಚಿಸಿದ್ದೀರಾ?"

ಗ್ರೇವಿ ನನ್ನ ಕಾಲ ಹತ್ತಿರ ಮಲಗಿ ತನ್ನ ಬಾಲವನ್ನು ಕಚ್ಚಿಕೊಳ್ಳುತ್ತಿತ್ತು.

ನಾನು ಮೂರ್ಖ. ಆರು ವಾರ ಈ ಕಾಗದ ನನ್ನ ಪೆಟ್ಟಿಗೆಯಲ್ಲೇ ಇತ್ತು. ಲೈಬ್ರರಿಗೆ ಓಡಿ ಅಚ್ಚು ತೆಗೆಸಿ, ನಾಯಿಯನ್ನೂ ಎಳೆದುಕೊಂಡು ಕರ್ಲಿಯ ಮನೆಗೆ ಹೋದೆ. ಬಾಗಿಲು ಬಡಿದೆ. ಒಳಗಿನಿಂದ, "ಹೋಗೋ ಸ್ಮೈಲಿ, ನೀನೂ ಅವಳ ಪರ" ಎಂದ.

"ನಾನು ಯಾರ ಪರಾನೂ ಅಲ್ಲ ಮಾರಾಯ. ನಮ್ಮ ನಾಯಿಗೆ ಒಂದು ಕಾಗದ ಬಂದಿದೆ, ಓದಿ ಹೇಳು. ಕನ್ನಡಕ ತಂದಿಲ್ಲ" ಎಂದು ಹಾಳೆಯನ್ನು ಬಾಗಿಲ ಸಂದಿಯಲ್ಲಿ ತಳ್ಳಿದೆ.

ಒಳಗೆ ಹಾಳೆ ಎತ್ತಿಕೊಂಡ ಸದ್ದಾಯಿತು. ಆಮೇಲೆ ಒಂದು ವಿಚಿತ್ರ ಶಬ್ದ. ಕೆಮ್ಮು ಎಂದುಕೊಂಡೆ. ಅವನು ನಗುತ್ತಿದ್ದ. ಬಾಗಿಲು ತೆರೆದ. ಎಷ್ಟು ಬಡವಾಗಿದ್ದ ದೇವರೇ, ಪ್ಯಾಂಟು ದಾರದಲ್ಲಿ ಕಟ್ಟಿಕೊಂಡಿದ್ದ.

"ಗ್ರೇವಿಗೂ ಕ್ಯಾನ್ಸರಾ?" ಎಂದ.

"ಅದಕ್ಕೆ ಹುಳ ಬಿಟ್ಟರೆ ಬೇರೆ ಏನೂ ಇಲ್ಲ. ಲಾಟರಿ ಚೀಟಿ ಕಣೋ ದಡ್ಡ! ಚೀಟಿಯಲ್ಲಿದ್ದ ಹೆಸರುಗಳನ್ನ ಡೆಸ್ ಅವರಿಗೆ ಕೊಟ್ಟ. ಅವರಿಗೆ ನಿನ್ನ ಶ್ವಾಸಕೋಶಾನೂ ಗೊತ್ತಿಲ್ಲ, ನೀನು ಮನುಷ್ಯನೋ ನಾಯಿಯೋ ಅನ್ನೋದೂ ಗೊತ್ತಿಲ್ಲ."

ಅವನು ಹೊಸಿಲ ಮೇಲೆ ಕೂತುಬಿಟ್ಟ. ಹಾಳೆಯನ್ನು ಮತ್ತೆ ಮತ್ತೆ ನೋಡಿದ. ನಗು ನಿಂತು ಹೋಗಿತ್ತು. "ಅವಳ ಕಾಗದ ವಾಪಸ್ ಕಳಿಸಿದೆ ನಾನು" ಎಂದ. ಗ್ರೇವಿ ಹೋಗಿ ಅವನ ಮೊಣಕಾಲಿಗೆ ತಲೆ ಒರಗಿಸಿತು.

ಅವತ್ತು ಸಂಜೆ ಅವನು ಲೊರೇನ್‌ಗೆ ಫೋನು ಮಾಡಿ, "ಮಂಗಳವಾರ ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿದನಂತೆ.

"ಯಾವಾಗಲೂ ಎಷ್ಟಕ್ಕೋ ಅಷ್ಟಕ್ಕೇ" ಎಂದಳಂತೆ ಅವಳು.

ಅವರಿಗೆ ಸಿಕ್ಕಿದ್ದು ಎರಡು ಮಂಗಳವಾರ. ಮೊದಲನೆಯದರಲ್ಲಿ ದಾರಿಯ ಬೇಕರಿಯಲ್ಲಿ ಕಾರು ನಿಲ್ಲಿಸಿ ಮಾಂಸ ತುಂಬಿದ ಒಂದು ಪ್ಯಾಸ್ಟಿ ತೆಗೆದುಕೊಂಡು ಇಬ್ಬರೂ ಹಂಚಿಕೊಂಡರು. ಅವನಿಗೆ ಎರಡು ತುತ್ತಿಗಿಂತ ಹೋಗಲಿಲ್ಲ. ಅಲ್ಲೇ ಅವನು ತನ್ನ ಇಮೇಲಿನ ಪಾಸ್‌ವರ್ಡನ್ನು ಬೇಕರಿಯ ಕಾಗದದ ಚೀಲದ ಮೇಲೆ ಬರೆದುಕೊಟ್ಟ. "ಗುರುವಾರ ಗುರುವಾರ ಬರ್ತಾನೇ ಇದೆ. ಗುಂಡಿ ಒತ್ತಿದ್ರೆ ಏನೂ ಆಗಲ್ಲ. ಸಾಯೋ ಮುಂಚೆ ಆ ಕಾಟ ಒಂದು ನಿಲ್ಲಿಸಿಕೊಡು. ನನ್ನ ಟಪಾಲು ಇನ್ಮೇಲೆ ನೀನೇ ನೋಡ್ಕೋ" ಎಂದ.

ಲೊರೇನ್ ಅದೇ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನ ಪರವಾಗಿ ಕಂಪನಿಗೆ ಬರೆದಳು: ಇವರಿಗೆ ಇನ್ನು ಕಳಿಸಬೇಡಿ. ತಾರೀಖು ಹಾಕಿದಳು. ಗುರುವಾರ ಮತ್ತೆ ಬಂತು. ಅದರ ಮುಂದಿನ ಗುರುವಾರವೂ ಬಂತು, ಚಳಿಗಾಲದ ರಿಯಾಯಿತಿ ಎಂದು. ಮತ್ತೆ ಬರೆದಳು, ಮತ್ತೆ ತಾರೀಖು ಹಾಕಿದಳು. ಎರಡನೇ ಮಂಗಳವಾರ ಆಸ್ಪತ್ರೆಯವರು, ಇನ್ನು ಬರುವುದು ಬೇಡ, ಮನೆಯಲ್ಲೇ ಇರಲಿ, ಎಂದರು.

ಅದಾದ ಎರಡನೇ ಭಾನುವಾರ ಮಧ್ಯಾಹ್ನ ಕರ್ಲಿ ತೀರಿಕೊಂಡ. ಲೊರೇನ್ ಪಕ್ಕದಲ್ಲಿದ್ದಳು. ವಾಪಸ್ ಬಂದಿದ್ದ ಆ ನಾಲ್ಕು ಪುಟವನ್ನು ಅವನು ಅವಳಿಂದಲೇ ಓದಿಸಿಕೊಂಡಿದ್ದ, ಎರಡು ಸಲ.

ಇದಾಗಿ ಕೆಲವು ತಿಂಗಳಿಗೆ ಸರ್ಕಾರದ ಕಚೇರಿ ಕಂಪನಿಗೆ ದಂಡ ಹಾಕಿತು, ನಮ್ಮ ಕ್ಲಬ್ಬಿಗೆ ಎಚ್ಚರಿಕೆಯ ಕಾಗದ ಬರೆಯಿತು. ಡೆಸ್ ರಾಜೀನಾಮೆ ಕೊಟ್ಟು ಕ್ಯಾರವಾನ್ ಹತ್ತಿ ಉತ್ತರಕ್ಕೆ ಹೋದ. ಒಳ್ಳೆಯದೇ ಆಯಿತು. ಆದರೆ ಆ ಮೂರು ಬಸ್ಸು ಪ್ರಯಾಣವನ್ನು ಯಾವ ಕಚೇರಿಯೂ ಕೇಳಲಿಲ್ಲ. ಕೇಳುವ ಕಾಲಂ ಅವರ ಫಾರಮ್ಮಿನಲ್ಲಿ ಇರಲಿಲ್ಲ.

ಫಾರಮ್ಮಿನ ಮಾತು ಬಂದಿತಲ್ಲ, ಅದನ್ನು ಹೇಳಿ ಮುಗಿಸುತ್ತೇನೆ. ಕರ್ಲಿ ಹೋದ ಎರಡನೇ ದಿನ, ಮಂಗಳವಾರ. ಅಭ್ಯಾಸಬಲದಿಂದ ಲೊರೇನ್ ಬೆಳಿಗ್ಗೆ ಕಾರು ತೆಗೆದು ಗಾಜು ಒರೆಸಿದ್ದಳು. ನಾನು ಅವಳ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಕೂತು, ಅಂತ್ಯಕ್ರಿಯೆಯ ದಿನ ತಿಳಿಸಲು ಕರ್ಲಿಯ ಸ್ನೇಹಿತರ ವಿಳಾಸ ಹುಡುಕುತ್ತಿದ್ದಳು. ಅವನ ಪೆಟ್ಟಿಗೆಯಲ್ಲಿ ಒಂದು ಹೊಸ ಕಾಗದ ಬಂದು ಬಿತ್ತು. ಇಬ್ಬರೂ ಓದಿದೆವು.

"ಪ್ರಿಯ ಕರ್ಲಿ, ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರನ್ನು ನಮ್ಮ ಪಟ್ಟಿಯಿಂದ ತೆಗೆದಿದ್ದೇವೆ. ನೀವು ಹೊರಟುಹೋಗಿದ್ದು ನಮಗೆ ತುಂಬ ಬೇಸರ ತಂದಿದೆ. ಮನಸ್ಸು ಬದಲಾಯಿಸಿದರೆ ಯಾವಾಗ ಬೇಕಾದರೂ ಮರಳಿ ಬನ್ನಿ, ಇಲ್ಲಿ ಒತ್ತಿ."

ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ಗ್ರೇವಿ ಹೆದರಿ ಮೇಜಿನ ಕೆಳಗೆ ಹೋಯಿತು. ಲೊರೇನ್ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ಶನಿವಾರ ಭಾನುವಾರ ಬಿಟ್ಟು ಎಣಿಸಿದಳು. ಐದು ದಿನದಲ್ಲಿ ಆಗಬೇಕಿದ್ದುದಕ್ಕೆ ಇಪ್ಪತ್ತು ಹಿಡಿದಿತ್ತು. ಆಮೇಲೆ ಸರ್ಕಾರದ ಕಚೇರಿಯ ದೂರಿನ ಫಾರಮ್ ತೆರೆದು ಎರಡನೇ ದೂರು ತುಂಬತೊಡಗಿದಳು. ತಾರೀಖುಗಳು, ಕಂಪನಿಯ ಹೆಸರು, ಕಾಗದದ ಪ್ರತಿ. ಪಡೆದವರ ಹೆಸರು ಎಂದಿದ್ದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಮರ್ವಿನ್ ಪೋಲ್ಕಿಂಗ್‌ಹಾರ್ನ್ ಎಂದು ಬರೆದಳು.

ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಈ ವ್ಯಕ್ತಿಗೆ ನೀವು ಏನಾಗಬೇಕು?

ಅವಳ ಕೈ ಅಲ್ಲಿ ನಿಂತಿತು. ಹೆಂಡತಿಯಲ್ಲ, ತಂಗಿಯಲ್ಲ, ವಕೀಲೆಯಲ್ಲ. ನಾನು, "ಸ್ನೇಹಿತೆ ಅಂತ ಹಾಕು" ಎಂದೆ. ಅವಳು ಅಲ್ಲ ಎಂದು ತಲೆಯಾಡಿಸಿದಳು. ಕಿಟಕಿಯಾಚೆ ಗಾಜು ಒರೆಸಿಟ್ಟ ಕಾರನ್ನು ಒಂದು ಸಲ ನೋಡಿ, ಒಂದೊಂದೇ ಅಕ್ಷರ ಒತ್ತಿ ಬರೆದಳು: ಮಂಗಳವಾರ ಕಾರು ಓಡಿಸುವವಳು.